ಅಣ್ಣನ ತಲೆಯ ಚಿತ್ರ

ಸಮಾವೇಶದ ಚಿತ್ರಪ್ರದರ್ಶನಕ್ಕೆ ನನ್ನದೊಂದು ಕೃತಿಯನ್ನು ಕೊಡಬೇಕೆಂದು ಸಂಘದ ಗೆಳೆಯರು ಕೇಳಿದಾಗ ನಾನು ಒಡನೆ ಒಪ್ಪಲಿಲ್ಲ. ಕೊಡಲು ಇದ್ದದ್ದು ಒಂದೇ, ಮತ್ತು ಅದು ಪೂರ್ತಿಯಾಗಿ ನನ್ನದಲ್ಲ. ಹಿಂದೂಪುರದಲ್ಲಿ ಅದಕ್ಕೆ ಮರದ ಚೌಕಟ್ಟು ಮಾಡಿಕೊಟ್ಟ ಅಂಗಡಿಯವನು ಎರಡು ಬಾರಿ ತಿರುಗಿಸಿ ನೋಡಿ, "ಹೂಕೋಸೇ ಸಾರ್?" ಎಂದು ಕೇಳಿದ. ಅವನ ಮಗ, "ಅಲ್ಲಪ್ಪ, ಅಕ್ರೋಟು" ಎಂದ. ಅಪ್ಪ ಮಗ ಇಬ್ಬರನ್ನೂ ತಪ್ಪೆನ್ನಲಾಗದು, ಮನುಷ್ಯನ ಮಿದುಳನ್ನು ಅಡ್ಡಲಾಗಿ ಸೀಳಿ ನೋಡಿದರೆ ಅದು ಆ ಎರಡರಂತೆಯೂ ಕಾಣುತ್ತದೆ. ಅದು ನನ್ನ ಅಣ್ಣನ ತಲೆ ಎಂದು ನಾನು ಅವರಿಗೆ ಹೇಳಲಿಲ್ಲ. ಪ್ರದರ್ಶನದಲ್ಲಿ ನೋಡುವವರಿಗಾದರೂ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾವು ಕಲ್ಯಾಣದುರ್ಗದ ಕಡೆಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಹೊಲದ ಕೂಲಿಯವರೊಡನೆ ಎರಡೂ ಬೆರೆತ ಮಾತು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ನಮ್ಮ ತಾಯಿಯವರನ್ನು ಕೇಳಿದ್ದರೆ, ಹೊಸ್ತಿಲನ್ನು ತೋರಿಸುತ್ತಿದ್ದರೇನೋ. ಅಣ್ಣ ಊರಿನಲ್ಲೇ ಉಳಿದು ಕಡಲೆಕಾಯಿ ವ್ಯಾಪಾರ ಹಿಡಿದ. ನಾನು ಹಿಂದೂಪುರಕ್ಕೆ ಡ್ರಾಯಿಂಗ್ ಮಾಸ್ತರನಾಗಿ ಬಂದೆ. ಒಂದೇ ಜಿಲ್ಲೆಯ ಈ ಎರಡು ಊರುಗಳ ನಡುವೆ ಪಾವಗಡದ ಮೇಲೆ ಹೋಗುವ ಬಸ್ಸು ಆಂಧ್ರದಿಂದ ಕರ್ನಾಟಕಕ್ಕೆ ನುಗ್ಗಿ ಮತ್ತೆ ಆಂಧ್ರಕ್ಕೆ ಹೊರಡುತ್ತದೆ. ಕಿಟಕಿಯ ಹೊರಗಿನ ಅಂಗಡಿಗಳ ಹೆಸರುಹಲಗೆ ತೆಲುಗು, ಕನ್ನಡ, ಮತ್ತೆ ತೆಲುಗು ಆಗುತ್ತದೆ. ಬಸ್ಸಿನೊಳಗಿನ ಮಾತು ಮಾತ್ರ ಬದಲಾಗುವುದಿಲ್ಲ. 2022ರಲ್ಲಿ ಜಿಲ್ಲೆಗಳು ಒಡೆದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಈಗ ಅಣ್ಣನದೊಂದು ಜಿಲ್ಲೆ, ನನ್ನದೊಂದು.

2019ರ ಡಿಸೆಂಬರಿನ ಒಂದು ಬೆಳಿಗ್ಗೆ ಅಣ್ಣ ಕಾಫಿಯ ಲೋಟ ಹಿಡಿಯಲು ಹೋಗಿ ಕೈಬಿಟ್ಟ. ಬಲಗೈ ಏಳಲಿಲ್ಲ, ಬಾಯಿ ಒಂದು ಕಡೆ ಜಾರಿತು. ಮೊದಲು ನೋಡಿದ ವೈದ್ಯರು ಗ್ಯಾಸು ಎಂದು ಸೂಜಿ ಹಾಕಿ ಕಳುಹಿಸಿದರು. ಅವರನ್ನು ಇಂದು ದೂರುವುದಿಲ್ಲ, ಆದರೆ ಆ ಸೂಜಿಯಲ್ಲಿ ಒಂದು ಗಂಟೆ ಹೋಯಿತು. ಅನಂತಪುರಕ್ಕೆ ಸುಮಾರು 60 ಕಿಲೋಮೀಟರು. ಅಲ್ಲಿಂದ ಬೆಂಗಳೂರಿಗೆ ಕರೆದೊಯ್ಯಬೇಕೆಂದು ತೀರ್ಮಾನವಾಗಿ ಆಸ್ಪತ್ರೆಯ ಬಾಗಿಲು ಮುಟ್ಟಿದಾಗ ಸಂಜೆಯಾಗಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದನ್ನು ನಾವು ತಿಳಿದದ್ದು ಆ ಹೊತ್ತು ಕಳೆದ ಮೇಲೆ. ಇದನ್ನು ಓದುತ್ತಿರುವವರು ಬೇರೇನು ಮರೆತರೂ ಆ ಲೆಕ್ಕವನ್ನೊಂದು ನೆನಪಿಟ್ಟುಕೊಳ್ಳಿ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಹೊರಡಬೇಕು.

ಆ ರಾತ್ರಿ ಅಣ್ಣನನ್ನು ಎಂ.ಆರ್.ಐ. ಯಂತ್ರದ ಕೊಳವೆಯೊಳಗೆ ಅಂಗಾತ ಮಲಗಿಸಿದರು. ಮಾರನೆಯ ದಿನ ನಮ್ಮ ಕೈಗೆ ದೊಡ್ಡ ಲಕೋಟೆಯಲ್ಲಿ ನಾಲ್ಕು ಫಿಲ್ಮುಗಳು ಬಂದವು. ಒಂದೊಂದರಲ್ಲಿಯೂ ಇಪ್ಪತ್ತು ಪುಟ್ಟ ಚೌಕಗಳು, ಒಂದೊಂದು ಚೌಕದಲ್ಲಿಯೂ ಅಣ್ಣನ ತಲೆಯ ಒಂದೊಂದು ಹೋಳು. ನನ್ನ ಮಗಳು ಬೆಂಗಳೂರಿನ ಬೇರೊಂದು ಕಡೆ ಇಂಥದೇ ಯಂತ್ರ ನಡೆಸುವ ಕೆಲಸದಲ್ಲಿದ್ದಾಳೆ. ಅವಳು ಫಿಲ್ಮನ್ನು ಆಸ್ಪತ್ರೆಯ ಕಿಟಕಿಯ ಬೆಳಕಿಗೆ ಹಿಡಿದು ಒಂದು ಚೌಕದ ಮೇಲೆ ಬೆರಳಿಟ್ಟಳು. ಬೂದುಬಣ್ಣದ ನಡುವೆ ಸುಣ್ಣ ಬಳಿದಂತೆ ಬೆಳ್ಳಗಿನ ಒಂದು ಮಚ್ಚೆ. "ದೊಡ್ಡಪ್ಪನ ಮಾತು ಇಲ್ಲಿ ಹೋಗಿದೆ" ಎಂದಳು.

"ಇದು ಬಲಗಡೆ ಇದೆಯಲ್ಲ, ಮಾತು ಇರುವುದು ಎಡಗಡೆ ಅಂತಾರೆ" ಎಂದೆ.

"ಅಪ್ಪ, ಇದನ್ನು ಪಾದದ ಕಡೆ ನಿಂತು ತಲೆಯತ್ತ ನೋಡಿದ ಹಾಗೆ ಓದಬೇಕು. ಚಿತ್ರದ ಬಲ ಅಂದರೆ ರೋಗಿಯ ಎಡ."

ನಲವತ್ತು ವರ್ಷ ಮಕ್ಕಳಿಗೆ ಚಿತ್ರ ನೋಡುವುದನ್ನು ಕಲಿಸಿದವನಿಗೆ ಎಡಬಲ ತಿಳಿಯಲಿಲ್ಲ. ಅಂದಿನಿಂದ ಆ ಫಿಲ್ಮುಗಳನ್ನು ಓದುವುದನ್ನು ಕಲಿಯಲು ತೊಡಗಿದೆ. ಅಣ್ಣನ ಮಂಚದ ಪಕ್ಕದಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಕಲಿತದ್ದರಲ್ಲಿ ನನ್ನನ್ನು ಬಹುವಾಗಿ ಹಿಡಿದ ಸಂಗತಿ ನೀರಿನದು. 1895ರಲ್ಲಿ ರಾಂಟ್‌ಜನ್ ಕಂಡ ಕ್ಷಕಿರಣಕ್ಕೆ ಮೂಳೆ ಕಾಣುತ್ತದೆ, ಮಿದುಳು ಕಾಣುವುದಿಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ತನ್ನ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ತಲೆಯನ್ನು ಹೋಳುಹೋಳಾಗಿ ತೋರಿಸಿದಾಗ, ಬದುಕಿರುವ ಮನುಷ್ಯನ ಮಿದುಳಿನ ಗುಡ್ಡೆ ಕಣಿವೆಗಳು ಹೊರಗಿನವರಿಗೆ ಕಂಡವು. ಎಂ.ಆರ್.ಐ. ಬಂದದ್ದು ಅದರ ಬೆನ್ನಿಗೆ. ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ 2003ರಲ್ಲಿ ಅದಕ್ಕಾಗಿ ನೊಬೆಲ್ ಬಂತು. ಈ ಯಂತ್ರದಲ್ಲಿ ಕ್ಷಕಿರಣವಿಲ್ಲ. ಬಲವಾದ ಅಯಸ್ಕಾಂತವೊಂದು ದೇಹದ ಜಲಜನಕದ ಕಣಗಳನ್ನು ಒಂದು ದಿಕ್ಕಿಗೆ ವಾಲಿಸುತ್ತದೆ, ರೇಡಿಯೋ ಅಲೆಯೊಂದು ಅವನ್ನು ಅಲುಗಿಸುತ್ತದೆ, ಅವು ಮರಳಿ ನೆಲೆಗೆ ಬರುವಾಗ ಹೊರಡಿಸುವ ಸದ್ದನ್ನು ಯಂತ್ರ ಹಿಡಿಯುತ್ತದೆ. ಆ ಜಲಜನಕ ಬಹುಪಾಲು ಇರುವುದು ನೀರಿನಲ್ಲಿ. ಎಂದರೆ, ನಮ್ಮ ಕೈಯಲ್ಲಿದ್ದ ಫಿಲ್ಮು ಅಣ್ಣನ ತಲೆಯೊಳಗಿನ ನೀರಿನ ನಕಾಶೆ. ಆ ಬೆಳ್ಳಗಿನ ಮಚ್ಚೆ, ಹರಿದಾಡುವ ನೀರು ಹರಿದಾಡಲಾಗದೆ ಸಿಕ್ಕಿಕೊಂಡ ಜಾಗ. ರಕ್ತ ನಿಂತೊಡನೆ ಅಲ್ಲಿಯ ಜೀವಕೋಶಗಳು ಉಬ್ಬುತ್ತವೆ, ಅವುಗಳ ನಡುವಿನ ಕಾಲುವೆ ಕಿರಿದಾಗುತ್ತದೆ.

ಮಳೆಗಾಗಿ ಆಕಾಶ ನೋಡುವ ಸೀಮೆಯವರು ನಾವು. ಬೋರು ಕೊರೆಸಿ ಬತ್ತಿದ ಹೊಲ ನೋಡಿದವನಿಗೆ, ನೀರು ಎಲ್ಲಿದೆ ಎಲ್ಲಿಲ್ಲ ಎಂಬ ನಕಾಶೆ ಅರ್ಥವಾಗಲು ಹೆಚ್ಚು ಇಂಗ್ಲಿಷು ಬೇಕಾಗಲಿಲ್ಲ.

ಅಣ್ಣನಿಗೆ ಪ್ರಜ್ಞೆ ಇತ್ತು, ನಾವು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. ಆಡಲು ಉಳಿದದ್ದು ಒಂದೇ ಮಾತು: "ಆಯ್ತು." ಊಟ ಬೇಕೆ? ಆಯ್ತು. ನೋಯುತ್ತಿದೆಯೆ? ಆಯ್ತು. ಅತ್ತಿಗೆ ಅತ್ತರೆ, ಆಯ್ತು. ಆ ಒಂದೇ ಮಾತನ್ನು ಅವನು ಸಿಟ್ಟಿನಲ್ಲಿ, ದೈನ್ಯದಲ್ಲಿ, ಲೇವಡಿಯಲ್ಲಿ ಬೇರೆಬೇರೆಯಾಗಿ ಆಡುತ್ತಿದ್ದ; ರಾಗವೆಲ್ಲ ಇತ್ತು, ಪದವಿರಲಿಲ್ಲ. ಇದು ನಮ್ಮ ಅಣ್ಣನೊಬ್ಬನ ಕಥೆಯಲ್ಲವೆಂದು ಆಮೇಲೆ ಓದಿದೆ. ಪ್ಯಾರಿಸ್ಸಿನ ಬ್ರೋಕಾ ಎಂಬ ವೈದ್ಯ 1861ರಲ್ಲಿ ಕಂಡ ರೋಗಿಯೊಬ್ಬನಿಗೆ "ತಾನ್" ಎಂಬ ಒಂದು ಶಬ್ದವಲ್ಲದೆ ಬೇರೆ ಬರುತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಅವನ ಹೆಸರೇ ಅದಾಗಿತ್ತು. ಅವನು ಸತ್ತ ಮೇಲೆ ಬ್ರೋಕಾ ಅವನ ಮಿದುಳನ್ನು ತೆರೆದು ನೋಡಿ, ಎಡಭಾಗದ ಮುಂಬದಿಯಲ್ಲಿ ಹಾಳಾದ ಜಾಗವನ್ನು ತೋರಿಸಿದ. ಆ ಮಿದುಳನ್ನು ಇಂದಿಗೂ ಕಾಪಾಡಿದ್ದಾರೆ. 2007ರಲ್ಲಿ ಅದನ್ನೇ ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿದವರಿಗೆ ಗಾಯವು ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿರುವುದು ತಿಳಿಯಿತು.

ಆಸ್ಪತ್ರೆಯಿಂದ ಬಿಡುವ ಮುನ್ನ ಮಾತು ಕಲಿಸುವ ಚಿಕಿತ್ಸಕಿ ಬಂದು ನಮ್ಮನ್ನು ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಇವರಿಗೆ ಯಾವ ಭಾಷೆಯಲ್ಲಿ ಅಭ್ಯಾಸ ಮಾಡಿಸೋಣ?"

"ಕನ್ನಡ" ಎಂದರು ಅತ್ತಿಗೆ.

"ತೆಲುಗು" ಎಂದ ಅಣ್ಣನ ಮಗ. "ಅಮ್ಮ, ಅಪ್ಪ ದಿನಕ್ಕೆ ಹತ್ತು ಗಂಟೆ ಮಂಡಿಯಲ್ಲಿ ತೆಲುಗೇ ಮಾತಾಡೋದು."

ಗಡಿನಾಡಿನ ಪ್ರಶ್ನೆ ಆಸ್ಪತ್ರೆಯ ಮಂಚದವರೆಗೂ ಬಂದುಬಿಟ್ಟಿತು. ಇದರ ಬಗ್ಗೆ ಫ್ರೆಂಚ್ ವಿದ್ವಾಂಸರಲ್ಲೂ ನೂರು ವರ್ಷಕ್ಕೂ ಹಿಂದೆಯೇ ಜಗಳವಿತ್ತಂತೆ. ಹಲವು ಭಾಷೆ ಬಲ್ಲವನು ಮಾತು ಕಳೆದುಕೊಂಡರೆ ಮೊದಲು ಕಲಿತ ಭಾಷೆ ಮೊದಲು ಮರಳುತ್ತದೆ ಎಂಬುದು ರಿಬೋ ಎಂಬವರ ಮತ. ಮೊದಲು ಕಲಿತದ್ದಲ್ಲ, ಹೆಚ್ಚು ಬಳಸಿದ್ದು ಮರಳುತ್ತದೆ ಎಂಬುದು 1895ರಲ್ಲಿ ಪಿತ್ರೆಸ್ ಹೇಳಿದ್ದು. ಇಬ್ಬರ ಮಾತೂ ಎಲ್ಲ ರೋಗಿಗಳಿಗೂ ಹೊಂದುವುದಿಲ್ಲವೆಂದು ಈಗ ಒಪ್ಪಿದ್ದಾರೆ. ನಾನು ಮಾತ್ರ ಹಟದಿಂದ ರಿಬೋನ ಪಕ್ಷ ಹಿಡಿದೆ. ಇಷ್ಟು ವರ್ಷ ಈ ಸೀಮೆಯಲ್ಲಿ ಕನ್ನಡ ಉಳಿಯಲಿ ಎಂದು ಸಭೆಗಳಲ್ಲಿ ಮಾತಾಡಿದವನು, ತಾಯಿ ಕಲಿಸಿದ ನುಡಿ ಬೇರಿನಲ್ಲಿ ಇರುತ್ತದೆ ಎಂದು ಭಾಷಣ ಮಾಡಿದವನು, ನನ್ನ ಒಡಹುಟ್ಟಿದವನ ತಲೆಯೇ ಅದಕ್ಕೆ ಸಾಕ್ಷಿ ಹೇಳಲಿ ಎಂದು ಕಾದೆ. ಕಾಯಿಲೆಯವನ ಮುಂದೆ ಕೂತು ಇಂಥದ್ದಕ್ಕೆ ಕಾಯುವುದು ಸಣ್ಣತನ. ಆದರೂ ಕಾದೆ.

ಊರಿಗೆ ಹೋದ ಮೂರನೆಯ ವಾರ ಅಣ್ಣ ಲೋಟ ತೋರಿಸಿ "ನೀ..." ಎಂದ. ಅಷ್ಟೇ. ಅತ್ತಿಗೆ "ನೀರು ಅಂದರು!" ಎಂದು ಕೂಗಿದರು. ಮಗ "ನೀಳ್ಳು ಅಂತಿದ್ದಾರೆ" ಎಂದ. ಆ ಎರಡು ನುಡಿಗಳೂ ಒಂದೇ ಅಕ್ಷರದಿಂದ ಶುರುವಾಗುವ ಮಾತನ್ನೇ ಅಣ್ಣ ಆರಿಸಿಕೊಂಡಿದ್ದ. ಯಾರೂ ಇನ್ನೂ ನೀರು ಕೊಡಲಿಲ್ಲವೆಂದು ಅವನು ಎಡಗೈಯಿಂದ ಮಂಚ ಬಡಿದ ಮೇಲೆ ನಮಗೆ ಎಚ್ಚರವಾಯಿತು.

ಅನಂತರ ಮರಳಿದ್ದು ಎಣಿಕೆ, ಅದೂ ತೆಲುಗಿನಲ್ಲಿ. ಒಕಟಿ, ರೆಂಡು, ಮೂಡು ಎಂದು ಚೀಲ ಎಣಿಸುವ ಲಯದಲ್ಲಿ ಇಪ್ಪತ್ತರವರೆಗೆ ನಿಲ್ಲದೆ ಹೇಳಿದ. ಮನೆಯವರೆಲ್ಲ ಹಿಗ್ಗಿದರು. ನನಗೆ ಸಂತೋಷದೊಡನೆ ಒಂದು ಮುಳ್ಳೂ ತಾಕಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಒಂದು ತಿಂಗಳಾದ ಮೇಲೆ ನಾವು ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹಾಡುತ್ತಿದ್ದ ಕನ್ನಡದ ಪ್ರಾರ್ಥನೆಯನ್ನು ನಾನು ಸುಮ್ಮನೆ ಗುನುಗಿದಾಗ, ಅಣ್ಣ ಎರಡನೆಯ ಸಾಲಿನಿಂದ ಪದಪದವಾಗಿ ಹಾಡಿಬಿಟ್ಟ. ಆಡಲಾಗದ್ದನ್ನು ಹಾಡಬಲ್ಲ ರೋಗಿಗಳು ಅನೇಕರಿದ್ದಾರೆ, ಹಾಡಿನ ಮೂಲಕ ಮಾತು ಕಲಿಸುವ ಚಿಕಿತ್ಸೆಯೂ ಇದೆ. ಹೀಗೆ ಕನ್ನಡ ಹಾಡಿನ ದಾರಿಯಲ್ಲೂ ತೆಲುಗು ಲೆಕ್ಕದ ದಾರಿಯಲ್ಲೂ ಬಂದವು.

ಎರಡು ನುಡಿಯಿದ್ದದ್ದು ಅವನಿಗೆ ಭಾರವಾಯಿತೇ ಎಂದು ಅತ್ತಿಗೆ ಒಮ್ಮೆ ಕೇಳಿದರು. ಅದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇತ್ತು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ ಸಂಗಡಿಗರೊಡನೆ ಪಾರ್ಶ್ವವಾಯುವಾದ 608 ಜನರನ್ನು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದ್ದಾರೆ. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇಕಡಾ 40.5ರಷ್ಟು ಮಂದಿಯ ನೆನಪು, ವಿಚಾರಶಕ್ತಿ ಮೊದಲಿನಂತೆ ಉಳಿದಿದ್ದವು. ಒಂದೇ ಭಾಷೆಯವರಲ್ಲಿ ಶೇಕಡಾ 19.6ರಷ್ಟು ಮಂದಿಗೆ ಮಾತ್ರ. ಮಾತು ಹೋಗುವುದು ಮಾತ್ರ ಎರಡೂ ಗುಂಪಿಗೆ ಸಮವಾಗಿಯೇ ಇತ್ತು. ಇದನ್ನು ಅತ್ತಿಗೆಗೆ ಓದಿ ಹೇಳಿದೆ. "ಹಾಗಾದರೆ ಲೆಕ್ಕ ಉಳಿದದ್ದು ಅದಕ್ಕೇ ಇರಬೇಕು" ಎಂದರು. ಒಬ್ಬ ರೋಗಿಯಿಂದ ಹಾಗೆ ಹೇಳಲು ಬರುವುದಿಲ್ಲ, ಆದರೆ ನಾನು ತಿದ್ದಲಿಲ್ಲ.

ಆಗ ಕೊರೋನಾ ಬಂತು. 2020ರ ಮಾರ್ಚಿನಿಂದ ಪಾವಗಡದ ದಾರಿ ಎರಡೂ ಕಡೆ ಮುಚ್ಚಿತು. ಫಿಲ್ಮುಗಳು ಹೇಗೋ ಹಿಂದೂಪುರದ ನಮ್ಮ ಮನೆಯಲ್ಲೇ ಉಳಿದಿದ್ದವು. ಅಣ್ಣನನ್ನು ಕಾಣಲಾಗದ ತಿಂಗಳುಗಳಲ್ಲಿ ಅವನ ತಲೆಯೊಳಗಿನದನ್ನು ದಿನವೂ ಕಾಣುತ್ತಿದ್ದೆ. ಕಿಟಕಿಯ ಗಾಜಿಗೆ ಅಂಟಿಸಿ ಅದರ ಮೇಲೆ ಹಾಳೆಯಿಟ್ಟು ಗೆರೆ ಎತ್ತಿಕೊಂಡೆ. ಮೊದಲು ಕೈಗೆ ಕೆಲಸವೆಂದು ಮಾಡಿದ್ದು, ಮೆಲ್ಲಗೆ ಚಿತ್ರವಾಗತೊಡಗಿತು.

ಗೆರೆ ಎತ್ತುವಾಗ ನೆನಪಾದದ್ದು ಲೇಪಾಕ್ಷಿ. ಹಿಂದೂಪುರದಿಂದ 15 ಕಿಲೋಮೀಟರಿನೊಳಗಿರುವ ಆ ಗುಡಿಗೆ ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ದು ಛಾವಣಿಯ ಚಿತ್ರಗಳ ನಕಲು ಮಾಡಿಸುತ್ತಿದ್ದೆ. ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ಗುಡಿ. ಗೋಡೆಗಳಲ್ಲಿ ಕನ್ನಡ ಶಾಸನಗಳಿವೆಯೆಂಬುದನ್ನು ನಮ್ಮ ಸದಸ್ಯರಿಗೆ ನೆನಪಿಸಬೇಕಾಗಿಲ್ಲ. ಅಲ್ಲಿಯ ಚಿತ್ರಗಳನ್ನು ಕತ್ತೆತ್ತಿ ನೋಡಿದರೆ ಕುತ್ತಿಗೆ ಹಿಡಿಯುತ್ತದೆ. ಆದ್ದರಿಂದ ಮಕ್ಕಳನ್ನು ನೆಲದ ಮೇಲೆ ಅಂಗಾತ ಮಲಗಿಸುತ್ತಿದ್ದೆ. ಆ ಚಿತ್ರಕಾರರು ನೆರಳು ಹಚ್ಚಿ ಉಬ್ಬು ತೋರಿಸಿದವರಲ್ಲ. ಕಪ್ಪು ಗೆರೆಯಿಂದ ಆಕಾರವನ್ನು ಕಟ್ಟಿ, ಒಳಗೆ ಕಾವಿ, ಹಳದಿ, ಹಸಿರು, ಸುಣ್ಣದ ಬಿಳಿಯನ್ನು ಸಪಾಟಾಗಿ ತುಂಬಿದವರು. ಮಿದುಳಿನ ಮಡಿಕೆಗಳಿಗೆ ಅದೇ ಗೆರೆ ಸರಿಹೋಯಿತು. ಕುದುರೆಯ ಜೂಲು ಬರೆಯಲು ಕಲಿತ ಕೈಗೆ ಮಡಿಕೆ ಬರೆಯುವುದು ಕಷ್ಟವಾಗಲಿಲ್ಲ. ವಿರೂಪಣ್ಣ ತನ್ನ ಕಣ್ಣುಗಳನ್ನು ಕಿತ್ತು ಎಸೆದ ಗುರುತೆಂದು ತೋರಿಸುವ ಗೋಡೆಯ ಕೆಂಪು ಕಲೆಗಳೂ ಆಗ ನೆನಪಾದವು. ಕಥೆ ನಿಜವೋ ಸುಳ್ಳೋ, ನಮ್ಮ ಕಡೆ ಮಕ್ಕಳೆಲ್ಲ ಆ ಕಲೆಗಳನ್ನು ನೋಡಿಯೇ ಬೆಳೆದವರು. ಒಂದು ಕಲೆಯನ್ನು ನೋಡಿ ಅದರ ಹಿಂದಿನ ನೋವನ್ನು ಓದುವುದು ನಮಗೆ ಹೊಸದಲ್ಲ.

ಮಿದುಳಿಗೂ ಚಿತ್ರಕಲೆಗೂ ನಂಟು ಬೆಸೆದವನು ನಾನು ಮೊದಲಿಗನಲ್ಲ ಎಂಬುದೂ ಆ ದಿನಗಳಲ್ಲಿ ತಿಳಿಯಿತು. ಸ್ಪೇನಿನ ಕಹಾಲ್ ಚಿಕ್ಕಂದಿನಲ್ಲಿ ಚಿತ್ರಕಾರನಾಗಬೇಕೆಂದಿದ್ದ, ವೈದ್ಯನಾದ ತಂದೆ ಬಿಡಲಿಲ್ಲ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಕಂಡ ನರಕೋಶಗಳನ್ನೇ ಮಸಿಯಲ್ಲಿ ಸಾವಿರಾರು ಚಿತ್ರಗಳಾಗಿ ಬರೆದು, 1906ರಲ್ಲಿ ಗಾಲ್ಜಿಯೊಡನೆ ನೊಬೆಲ್ ಪಡೆದ. ಅವನ ಗೆರೆ ನೋಡಿದರೆ ಜಾಲಿಮರದ ಟೊಂಗೆಯೋ ಎನಿಸುತ್ತದೆ. ನಮ್ಮ ಕಾಲದಲ್ಲಿ ಅಮೆರಿಕದ ಗ್ರೆಗ್ ಡನ್, ನರವಿಜ್ಞಾನದಲ್ಲಿ ಪದವಿ ಪಡೆದು ಚಿತ್ರಕಾರನಾದವನು, ಬ್ರಯಾನ್ ಎಡ್ವರ್ಡ್ಸ್ ಎಂಬ ಜೊತೆಗಾರನೊಡನೆ ಸುಮಾರು 5 ಲಕ್ಷ ನರಕೋಶಗಳಿರುವ 8 ಅಡಿ ಎತ್ತರ 12 ಅಡಿ ಅಗಲದ ಚಿತ್ರವೊಂದನ್ನು ಲೋಹದಲ್ಲಿ ಕೊರೆದು ಚಿನ್ನದ ರೇಕು ಹಚ್ಚಿದ. ಅದು 2016ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆಯಲ್ಲಿ ನೆಲೆಗೊಂಡಿತು. ಬೆಳಕು ಸರಿದಂತೆ ಅದರಲ್ಲಿ ನರಗಳೊಳಗೆ ಮಿಂಚು ಓಡಿದಂತೆ ಕಾಣುತ್ತದೆಯಂತೆ. ನಾನು ಅದರ ಫೋಟೋ ಮಾತ್ರ ಕಂಡವನು, ಮತ್ತು ಒಪ್ಪಿಕೊಳ್ಳಬೇಕಾದರೆ, ಅದರ ಝಗಮಗ ನನಗೆ ಸ್ವಲ್ಪ ಹೆಚ್ಚೆನಿಸಿತು. ನನಗೆ ಹತ್ತಿರವಾದವಳು ಎಲಿಜಬೆತ್ ಜೇಮ್ಸನ್. ವಕೀಲೆಯಾಗಿದ್ದವಳಿಗೆ ನರಗಳ ಹೊದಿಕೆಯನ್ನು ಸವೆಸುವ ಕಾಯಿಲೆ ಬಂತು. ತನ್ನ ಮಿದುಳಿನ ಎಂ.ಆರ್.ಐ. ಚಿತ್ರಗಳು ಅವಳಿಗೆ ಕುರೂಪವಾಗಿ, ಹೆದರಿಕೆಯಾಗಿ ಕಂಡವು; ಅವನ್ನೇ ತೆಗೆದುಕೊಂಡು ಬಣ್ಣದ ಅಚ್ಚುಚಿತ್ರಗಳಾಗಿ ಮಾಡಿದಳು. ಆದರೆ ಅವಳು ಚಿತ್ರ ಮಾಡಿದ್ದು ತನ್ನ ತಲೆಯದು. ನಾನು ಮಾಡುತ್ತಿದ್ದದ್ದು ಇನ್ನೊಬ್ಬನದು. ಆ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಮೊದಲ ಚಿತ್ರ ಕ್ಯಾನ್‌ವಾಸಿನ ಮೇಲೆ, ಮೂರಡಿ ಎತ್ತರ. ಮಿದುಳಿನ ಎಡಭಾಗದಲ್ಲಿ ಕನ್ನಡಕ್ಕೆ ಅರಿಸಿನ ಕುಂಕುಮದ ಬಣ್ಣ, ತೆಲುಗಿಗೆ ಹಸಿರು, ಎರಡರ ನಡುವೆ ಸುಟ್ಟ ಕಪ್ಪಿನಲ್ಲಿ ಗಾಯ. ಕಪ್ಪಿನ ಆಚೆಯಿಂದ ಅರಿಸಿನದ ಬೇರೊಂದು ನುಸುಳಿ ಬರುತ್ತಿತ್ತು. ನನಗೆ ಅದು ಬಹಳ ಹಿಡಿಸಿತು. ಮಗಳಿಗೆ ಫೋಟೋ ಕಳುಹಿಸಿದೆ. ಅವಳು ಫೋನಿನಲ್ಲಿ, "ಚಿತ್ರ ಚೆನ್ನಾಗಿದೆ ಅಪ್ಪ. ಆದರೆ ಸುಳ್ಳು" ಎಂದಳು.

1997ರ ಒಂದು ಪ್ರಯೋಗವನ್ನು ಅವಳು ವಿವರಿಸಿದಳು. ಮಿದುಳಿನ ಯಾವ ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತಿದೆ ಎಂಬುದನ್ನು ಎಂ.ಆರ್.ಐ.ನಿಂದ ಅಳೆಯುವ ವಿಧಾನವನ್ನು ಒಗಾವಾ ಎಂಬ ಜಪಾನೀ ವಿಜ್ಞಾನಿ 1990ರಲ್ಲಿ ತೋರಿಸಿಕೊಟ್ಟಿದ್ದ. ಅದನ್ನು ಬಳಸಿ ನ್ಯೂಯಾರ್ಕಿನಲ್ಲಿ ಕಿಮ್, ಹರ್ಷ್ ಮುಂತಾದವರು ದ್ವಿಭಾಷಿಕರ ಬ್ರೋಕಾ ಭಾಗವನ್ನು ನೋಡಿದರು. ದೊಡ್ಡವರಾದ ಮೇಲೆ ಎರಡನೆಯ ಭಾಷೆ ಕಲಿತವರಲ್ಲಿ ಎರಡಕ್ಕೂ ಪಕ್ಕಪಕ್ಕದ ಬೇರೆ ಜಾಗಗಳು ಕಂಡವು. ಎಳವೆಯಲ್ಲೇ ಎರಡೂ ಕಲಿತವರಲ್ಲಿ ಒಂದೇ ಜಾಗ. "ದೊಡ್ಡಪ್ಪ ಎಷ್ಟನೇ ವಯಸ್ಸಿಗೆ ತೆಲುಗು ಕಲಿತರು?" ಎಂದು ಕೇಳಿದಳು. ಕಲಿತದ್ದು ಯಾವಾಗ ಎಂದು ಯಾರಿಗೆ ಗೊತ್ತು? ನಡೆಯುವುದನ್ನು ಕಲಿತಾಗಲೇ ಬೀದಿಗಿಳಿದಿದ್ದೆವು. "ಹಾಗಿದ್ದರೆ ಅರಿಸಿನ ಬೇರೆ ಹಸಿರು ಬೇರೆ ಎಂದು ಯಾವ ಯಂತ್ರವೂ ಅವರ ತಲೆಯಲ್ಲಿ ತೋರಿಸಲಾರದು."

ಇನ್ನೊಂದನ್ನೂ ಹೇಳಿದಳು. ಪತ್ರಿಕೆಗಳಲ್ಲಿ ಬರುವ, ಕೆಂಪು ಹಳದಿ ಉರಿಯುವ ಮಿದುಳಿನ ಚಿತ್ರಗಳಲ್ಲಿ ಆ ಬಣ್ಣ ಮಿದುಳಿನದಲ್ಲ. ಲೆಕ್ಕದ ಫಲಿತಾಂಶಕ್ಕೆ ಗಣಕ ಹಚ್ಚುವ ಬಣ್ಣ. ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಇಲ್ಲದ್ದೂ ಉರಿಯುತ್ತದೆ. ಅಮೆರಿಕದಲ್ಲಿ ಬೆನೆಟ್ ಎಂಬವರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿ, ಇವರ ಭಾವನೆ ಏನು ಎಂದು ಕೇಳಿದರಂತೆ. ತಿದ್ದುಪಡಿಯಿಲ್ಲದ ಲೆಕ್ಕದಲ್ಲಿ ಸತ್ತ ಮೀನಿನ ಮಿದುಳೂ ಒಂದೆರಡು ಕಡೆ ಕೆಂಪಾಗಿ ಉರಿದು ಉತ್ತರ ಕೊಟ್ಟಿತು. ಹಾಸ್ಯಕ್ಕೆ ಕೊಡುವ ಇಗ್ ನೊಬೆಲ್ ಅವರಿಗೆ 2012ರಲ್ಲಿ ಬಂತು. ನಾನು ನಕ್ಕೆ. ನಕ್ಕ ಮೇಲೆ ನನ್ನ ಕ್ಯಾನ್‌ವಾಸಿನ ಅರಿಸಿನದ ಬೇರನ್ನು ನೋಡಿದೆ. ಆ ಮೀನಿನ ತಲೆಯ ಕೆಂಪಿಗಿಂತ ಅದು ಹೆಚ್ಚು ನಿಜವಾಗಿರಲಿಲ್ಲ.

ಆದರೂ ಕಲೆಗೆ ಆ ಸ್ವಾತಂತ್ರ್ಯ ಇದೆಯೆಂದು ಸಮಾಧಾನ ಹೇಳಿಕೊಂಡು, ದಾರಿ ತೆರೆದ ಮೇಲೆ ಚಿತ್ರವನ್ನು ಕಲ್ಯಾಣದುರ್ಗಕ್ಕೆ ಒಯ್ದೆ. ಅಣ್ಣ ಆಗ ಕೋಲು ಹಿಡಿದು ಓಡಾಡುತ್ತಿದ್ದ, ಎರಡು ಮೂರು ಪದಗಳನ್ನು ಜೋಡಿಸುತ್ತಿದ್ದ. ಇದು ನಿನ್ನ ತಲೆ, ಇದು ಕನ್ನಡ, ಇದು ತೆಲುಗು ಎಂದು ತೋರಿಸಿದೆ. ಅವನು ಕಪ್ಪು ಮಚ್ಚೆಯನ್ನೇ ನೋಡಿದ. ಬೆರಳಿಟ್ಟು, "ಇದು... ನಾನಾ?" ಎಂದ. ನಾನು ಮಾತಾಡಲಿಲ್ಲ. ಅಣ್ಣ ಎದ್ದು, ಎಡಗೈಯಿಂದ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಒಳಗೆ ಹೋದ. ಅತ್ತಿಗೆ ನನಗೆ ಕಾಫಿ ಕೊಡುತ್ತ, "ಕೇಳಬಾರದಿತ್ತೇ ಮೊದಲು?" ಎಂದಷ್ಟೇ ಅಂದರು. ಗಾಯವನ್ನು ಎಲ್ಲಕ್ಕಿಂತ ದೊಡ್ಡದಾಗಿ, ಎಲ್ಲಕ್ಕಿಂತ ಕಪ್ಪಾಗಿ, ನಡುಮಧ್ಯದಲ್ಲಿ ಬರೆದವನು ನಾನು. ಫಿಲ್ಮಿನಲ್ಲಿ ಅದು ಹೆಬ್ಬೆಟ್ಟಿನ ಉಗುರಿನಷ್ಟಿತ್ತು.

ಆ ಕ್ಯಾನ್‌ವಾಸು ಈಗ ಇಲ್ಲ.

ಎರಡು ವರ್ಷ ಕುಂಚ ಮುಟ್ಟಲಿಲ್ಲ. ಮತ್ತೆ ಮನಸ್ಸಾದದ್ದು ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ. ನೆಂಟರ ಮದುವೆಗೆ ಹೋದವನು, ತೊಗಲುಬೊಂಬೆಯ ಕಲಾವಿದರ ಆ ಊರನ್ನು ಹೊಕ್ಕೆ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದು ಅನೇಕರಿಗೆ ಗೊತ್ತಿದೆ. ಆ ಕುಟುಂಬಗಳ ಮನೆಮಾತು ಮರಾಠಿ ಮೂಲದ್ದು, ಆಟ ಆಡುವುದು ತೆಲುಗಿನಲ್ಲಿ, ನನ್ನೊಡನೆ ಅವರಲ್ಲೊಬ್ಬರು ಕನ್ನಡದಲ್ಲೇ ಮಾತಾಡಿದರು. ಈಗ ರಾತ್ರಿಯಿಡೀ ರಾಮಾಯಣ ನೋಡುವವರಿಲ್ಲದೆ, ಅದೇ ಕೈಗಳು ದೀಪದ ಬುರುಡೆ, ಗೋಡೆಯ ಚಿತ್ರಗಳನ್ನು ಮಾಡಿ ಬದುಕುತ್ತಿವೆ. ಒಬ್ಬರು ಹನುಮಂತನ ಬೊಂಬೆಯನ್ನು ಬಲ್ಬಿನ ಮುಂದೆ ಎತ್ತಿ ಹಿಡಿದರು. ಅದೇ ಕ್ಷಣದಲ್ಲಿ ಆಸ್ಪತ್ರೆಯ ಕಿಟಕಿ ನನಗೆ ನೆನಪಾಯಿತು. ಬೆಳಕಿನ ಮುಂದೆ ಹಿಡಿದ ಹೊರತು ಫಿಲ್ಮೂ ಕಾಣುವುದಿಲ್ಲ, ಬೊಂಬೆಯೂ ಕಾಣುವುದಿಲ್ಲ.

ಅಲ್ಲಿಗೆ ಏಳು ಬಾರಿ ಹೋಗಿ ಬಂದೆ. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದರೆ ಅದು ಹಾಲುಗಾಜಿನಂತಾಗುತ್ತದೆ. ಮೇಲೆ ಗೆರೆ ಎತ್ತಿ, ಸಣ್ಣ ಉಳಿಗಳಿಂದ ತೂತು ಹೊಡೆಯಬೇಕು. ಬೊಂಬೆಯ ಒಡವೆಗಳೆಲ್ಲ ಬರಿಯ ತೂತುಗಳು, ಬೆಳಕೇ ಅಲ್ಲಿ ಮುತ್ತಾಗುತ್ತದೆ. ನನ್ನ ಮೊದಲ ಎರಡು ತೊಗಲುಗಳು ಹರಿದುಹೋದವು. ಕಲಿಸಿದವರು ಬೈಯಲಿಲ್ಲ, ಉಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಕೊಟ್ಟರು.

ಈ ಸಲ ಮೊದಲು ಅಣ್ಣನನ್ನು ಕೇಳಿದೆ. ಮಾಡಲೇ, ಬೇಡವೇ, ಮಾಡಿದರೆ ಏನೇನು ಇರಬೇಕು? ಅವನಿಗೆ ಉತ್ತರ ಹೇಳಲು ಒಂದು ಮಧ್ಯಾಹ್ನ ಹಿಡಿಯಿತು. ಮಾಡು. ಕಪ್ಪು ಬೇಡ. ಎರಡು ಬಣ್ಣ ಬೇಡ. "ಕಾಲುವೆ" ಎಂದು ಒಂದು ಪದವನ್ನು ಮೂರು ಬಾರಿ ಹೇಳಿದ. ಮಗಳು ಹಿಂದೊಮ್ಮೆ ಅವನಿಗೆ ತೋರಿಸಿದ್ದ ಇನ್ನೊಂದು ಬಗೆಯ ಚಿತ್ರ ಅವನ ಮನಸ್ಸಿನಲ್ಲಿತ್ತು. ನರತಂತುಗಳ ಗುಂಟ ನೀರಿನ ಕಣಗಳು ಸರಾಗವಾಗಿ, ಅಡ್ಡಕ್ಕೆ ಕಷ್ಟವಾಗಿ ಚಲಿಸುತ್ತವೆ. ಆ ಚಲನೆಯನ್ನು ಅಳೆದು ತಂತುಗಳ ದಾರಿಯನ್ನು ಗಣಕದಲ್ಲಿ ಗೆರೆಗಳಾಗಿ ಎಳೆಯುತ್ತಾರೆ. ಎಡಬಲಕ್ಕೆ ಹೋಗುವುದು ಕೆಂಪು, ಹಿಂದುಮುಂದಕ್ಕೆ ಹಸಿರು, ಮೇಲುಕೆಳಗಿನದು ನೀಲಿ ಎಂಬುದು ಒಪ್ಪಂದ. ಹೊಲಕ್ಕೆ ನೀರು ಕಟ್ಟಿದವನಿಗೆ ಅದು ಕಾಲುವೆಯಾಗಿಯೇ ಕಂಡಿತ್ತು.

ಹಾಗೆಯೇ ಮಾಡಿದೆ. ಆ ಮೂರು ಬಣ್ಣಗಳನ್ನೇ ಇಟ್ಟುಕೊಂಡು, ಕಾಲುವೆಗಳನ್ನೆಲ್ಲ ಸಾಲು ತೂತುಗಳಾಗಿ ಹೊಡೆದೆ. ಗಾಯದ ಜಾಗವನ್ನು ಅದರ ಅಳತೆಗಿಂತ ಹಿಗ್ಗಿಸದೆ, ಬಣ್ಣವಿಲ್ಲದೆ, ತೂತಿಲ್ಲದೆ ಬರಿಯ ತೊಗಲಾಗಿ ಬಿಟ್ಟೆ. ಕೆಲವು ಕಾಲುವೆಗಳು ಅದರ ಪಕ್ಕದಿಂದ ಬಳಸಿ ಹೋಗುತ್ತವೆ. ಅದು ಅಣ್ಣನ ಫಿಲ್ಮಿನಲ್ಲಿ ಇರುವುದಲ್ಲ, ನಾನು ಸೇರಿಸಿದ್ದು; ನೋಡುವವರಿಗೆ ಅದು ತಿಳಿದಿರಲಿ. ತೊಗಲು ಎರಡೂ ಕಡೆಯಿಂದ ಕಾಣುವುದರಿಂದ ಎಡಬಲದ ನನ್ನ ಹಳೆಯ ತೊಡಕೂ ತೀರಿತು. ಮುಂದೆ ನಿಂತರೆ ವೈದ್ಯರು ನೋಡುವಂತೆ, ಹಿಂದೆ ಹೋಗಿ ನಿಂತರೆ ಅಣ್ಣನ ಎಡ ಎಡವಾಗಿಯೇ ಕಾಣುತ್ತದೆ.

ಕಳೆದ ತಿಂಗಳು ಅದನ್ನು ಕಲ್ಯಾಣದುರ್ಗಕ್ಕೆ ಒಯ್ದು, ಪಡಸಾಲೆಯಲ್ಲಿ ತೂಗುಹಾಕಿ, ಹಿಂದೆ ಬಲ್ಬು ಹಚ್ಚಿ ಉಳಿದ ದೀಪಗಳನ್ನು ಆರಿಸಿದೆ. ಗೋಡೆಯ ತುಂಬ ಬೆಳಕಿನ ಚುಕ್ಕೆಗಳು ಬಿದ್ದವು. ಅತ್ತಿಗೆ ಬಾಗಿಲಲ್ಲಿ ನಿಂತರು. ಅಣ್ಣ ಕೋಲೂರಿಕೊಂಡು ಮುಂದಿನಿಂದ ನೋಡಿದ, ಹಿಂದೆ ಹೋಗಿ ನೋಡಿದ, ಬರಿಯ ತೊಗಲಿನ ಜಾಗವನ್ನು ಎಡಗೈಯ ಬೆರಳಿನಿಂದ ಮುಟ್ಟಿದ. ಬಹಳ ಹೊತ್ತು ಏನೂ ಅನ್ನಲಿಲ್ಲ. ನಾನು ಹಳೆಯ ಹೆದರಿಕೆಯಲ್ಲಿ ನಿಂತಿದ್ದೆ.

"ಆಯ್ತು" ಎಂದ.

ಸಮಾವೇಶದಲ್ಲಿ ಇಡಬಹುದೇ ಎಂದು ಕೇಳಿದೆ. ಅದಕ್ಕೂ "ಆಯ್ತು" ಎಂದು, ಕುರ್ಚಿಯಲ್ಲಿ ಕೂತು, ತೊಗಲಿನ ಕಡೆ ಗದ್ದ ತೋರಿಸಿ ಕೇಳಿದ: "ಎಷ್ಟಾಯ್ತು?"

ಹರಿದ ಎರಡು ತೊಗಲು, ಬಣ್ಣ, ಏಳು ಸಲದ ಬಸ್ಸಿನ ಖರ್ಚು ಎಲ್ಲ ಸೇರಿಸಿ ಹೇಳಿದೆ. ಅಣ್ಣ ಮನಸ್ಸಿನಲ್ಲೇ ಕೂಡಿ ನೋಡಿದವನಂತೆ ಒಂದು ಕ್ಷಣ ಕಣ್ಣು ಮುಚ್ಚಿ, ತಲೆಯಾಡಿಸಿದ.

"ಎಕ್ಕುವಾಯ್ತು" ಎಂದ.